ತಗಡಿನ ಬಾಗಿಲ ಮೇಲಿನ ಮೈಲೇಜು

ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವ ದೊಡ್ಡ ಲಾರಿಯ ಡ್ರೈವರಾಗಿದ್ದೆ ನಾನು. ಆ ಲಾರಿ ಲೀಟರಿಗೆ ಎಷ್ಟು ಓಡಿತು ಎಂದು ನೋಡುವ ಕೆಲಸವೂ ಬರಬರುತ್ತಾ ನನ್ನ ತಲೆಗೇ ಬಂತು. ಈಗ ನಿವೃತ್ತ. ತಿಪಟೂರಿನ ನಮ್ಮ ಶೆಡ್ಡಿಗೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, "ಪರಮೇಶಣ್ಣ, ಮೈಲೇಜ್ ಬರ್ಸೋದು ಹೆಂಗಣ್ಣಾ?" ಎಂದು ಕೇಳುತ್ತಾರೆ. ಟೈರಿನ ಗಾಳಿ ನೋಡಿಕೊಳ್ಳಿ, ಏರು ಬರುವ ಮೊದಲೇ ಗೇರು ಇಳಿಸಿ, ಸುಮ್ಮನೆ ನಿಂತಾಗ ಇಂಜಿನ್ ಆರಿಸಿ ಎಂದು ಹೇಳಿ, ಕಾಫಿ ಕೊಟ್ಟು ಕಳಿಸುತ್ತೇನೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವರು ಗೇಟು ದಾಟುವ ಹೊತ್ತಿಗೆ, ಮುಖ್ಯವಾದದ್ದನ್ನೇ ಬಿಟ್ಟೆ ಎನ್ನಿಸುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಹೊಟ್ಟೆಕಿಚ್ಚಿನಿಂದ. ಜುಂಜಣ್ಣ ಎಂಬ ಒಬ್ಬನೇ ಒಬ್ಬ ಮನುಷ್ಯನ ಮೇಲಿನ ಹೊಟ್ಟೆಕಿಚ್ಚಿನಿಂದ. ಇದನ್ನು ಪಶ್ಚಾತ್ತಾಪ ಎಂದುಕೊಳ್ಳಬೇಡಿ. ಹೋದ ವಾರ ಅವನು ಸಂತೆಯಲ್ಲಿ ಕಂಡಾಗಲೂ ಉರಿಯಿತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೆನಪು ಇಳಿಜಾರಿನಲ್ಲಿ ನಿಲ್ಲಿಸಿದ ಲಾರಿಯ ಟ್ಯಾಂಕಿನ ಹಾಗೆ. ಬಾಯಿವರೆಗೆ ತುಂಬಿದಂತೆ ಕಾಣುತ್ತದೆ, ಇನ್ನೊಂದು ತುದಿಯಲ್ಲಿ ಗಾಳಿ ಇರುತ್ತದೆ. ಎಲ್ಲಿ ಗಾಳಿ ಇದೆ ಎಂದು ನನಗೆ ಗೊತ್ತಾದ ಕಡೆ ಹೇಳುತ್ತೇನೆ. ಗೊತ್ತಾಗದ ಕಡೆ ನೀವು ತಟ್ಟಿ ನೋಡಿಕೊಳ್ಳಬೇಕು.

ತಟ್ಟಿ ನೋಡುವ ವಿದ್ಯೆ ನಮ್ಮ ಯಜಮಾನರದ್ದು. ಗಂಗಾಧರಪ್ಪನವರು ಕೊಬ್ಬರಿ ವ್ಯಾಪಾರದ ಮನೆತನದವರು. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವ ಜನ. ಮಂಡಿ ಬಿಟ್ಟು ಲಾರಿ ಎಳೆಯುವ ವ್ಯವಹಾರಕ್ಕೆ ಏಕೆ ಇಳಿದರು ಎಂಬುದನ್ನು ಕೇಳಿದಾಗಲೆಲ್ಲ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ಕಿವಿ ಮಾತ್ರ ಜೊತೆಗೇ ಬಂದಿತ್ತು. ಲಾರಿ ಶೆಡ್ಡಿಗೆ ಬಂದ ಕೂಡಲೇ ಡೀಸೆಲ್ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ಟಕಟಕ ತಟ್ಟಿ, "ಅರ್ಧಕ್ಕಿಂತ ಒಂಚೂರು ಮ್ಯಾಲದೆ" ಎನ್ನುತ್ತಿದ್ದರು. ನಾವು ಕಡ್ಡಿ ಇಳಿಬಿಟ್ಟು ನೋಡಿದರೆ ಅರ್ಧಕ್ಕಿಂತ ಒಂಚೂರು ಮೇಲೇ ಇರುತ್ತಿತ್ತು. ಯಾವಾಗಲೂ ಹಾಗೇ ಇರುತ್ತಿತ್ತೇ? ತಪ್ಪಿದ ದಿನಗಳು ನನಗೆ ನೆನಪಿಲ್ಲ ಅಷ್ಟೆ.

ಶೆಡ್ಡಿನಲ್ಲಿ ಎರಡು ಲಾರಿಗಳು. ಒಂದೇ ಕಂಪನಿ, ಒಂದೇ ವರ್ಷದವು, ಹಿಂದೆ ಒಂದೇ ಥರದ ಕ್ರೇನು, ಹಗ್ಗ ಸುತ್ತಿ ಎಳೆಯುವ ವಿಂಚು. ಒಂದನೆಯದು ನನ್ನದು, ಎರಡನೆಯದು ಜುಂಜಣ್ಣನದು. ತುರುವೇಕೆರೆ, ಅಮ್ಮಸಂದ್ರದ ಕಡೆ ಲಾರಿ ಕೆಟ್ಟರೆ ನಾನು ಹೋಗಬೇಕು, ಹುಳಿಯಾರಿನ ಕಡೆಯದಕ್ಕೆ ಅವನು. ಅವನ ಊರು ಆ ಕಡೆಯ ಒಂದು ಹಟ್ಟಿ, ಕುರಿ ಸಾಕುವ ಮನೆ. ಪ್ರತಿ ಸೋಮವಾರ ಯಜಮಾನರು ಶೆಡ್ಡಿನ ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹಿಂದಿನ ವಾರದ ಮೈಲೇಜು ಬರೆಯುತ್ತಿದ್ದರು. ಹೆಚ್ಚು ಬಂದವನ ಹೆಸರು ಮೇಲೆ, ದಪ್ಪ ಅಕ್ಷರ. ಕಡಿಮೆಯವನದು ಕೆಳಗೆ. ಮೇಲೆ ಜುಂಜಣ್ಣ, ಕೆಳಗೆ ಪರಮೇಶ. ಮಳೆಯ ಎರಚಲಿಗೆ ಅಳಿಸಿಹೋದರೆ ಮತ್ತೆ ಬರೆಯುವರು: ಮೇಲೆ ಜುಂಜಣ್ಣ, ಕೆಳಗೆ ಪರಮೇಶ.

ನನ್ನ ರಸ್ತೆ ಬಹುಪಾಲು ಸಮ, ಅವನದು ಕಣಿವೆಯ ಏರು. ಆದರೂ ನನ್ನ ಲಾರಿ ಲೀಟರಿಗೆ ಎರಡು ಕಿಲೋಮೀಟರಿನ ಆಸುಪಾಸಿನಲ್ಲಿ ಹೊರಳಾಡುತ್ತಿದ್ದರೆ ಅವನದು ಮೂರನ್ನು ಮುಟ್ಟುತ್ತಿತ್ತು. ಕಾರು ಓಡಿಸುವವರಿಗೆ ಇದು ನಗುವ ಅಂಕಿ. ಈ ಕೆಲಸದಲ್ಲಿ ಹಾಗಲ್ಲ. ನಮ್ಮ ಲಾರಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ನಿಂತಾಗಲೂ ಕುಡಿಯುತ್ತದೆ. ಹಳ್ಳಕ್ಕೆ ಇಳಿದ ಲಾರಿಗೆ ವಿಂಚಿನ ಹಗ್ಗ ಬಿಗಿದು, ಇಂಜಿನ್ನನ್ನು ಏರುದನಿಯಲ್ಲಿಟ್ಟು, ಒಂದೊಂದೇ ಇಂಚು ಎಳೆಯುವಾಗ ಡೀಸೆಲ್ ಇಳಿಯುತ್ತಲೇ ಇರುತ್ತದೆ, ಕಿಲೋಮೀಟರ್ ಅಲ್ಲಾಡುವುದಿಲ್ಲ. ಆಮೇಲೆ ನಮ್ಮಷ್ಟೇ ದೊಡ್ಡದೊಂದು ಲಾರಿಯ ಮೂತಿ ಎತ್ತಿ ಬೆನ್ನಿಗೆ ಕಟ್ಟಿಕೊಂಡು ಬರಬೇಕು. ತಯಾರು ಮಾಡಿದವರು ಅಚ್ಚು ಹಾಕಿಸಿದ ಮೈಲೇಜು ತೋರಿಸಿ ಯಾರಾದರೂ ನಿಮ್ಮನ್ನು ಬೈದರೆ, ಒಂದು ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ.

ಹೀಗಿರುವಾಗ ಯಜಮಾನರು ಹೊಸ ಲಾರಿಯ ಸುದ್ದಿ ತಂದರು. ಹತ್ತು ಚಕ್ರದ್ದು, ಕೆಟ್ಟ ಲಾರಿಯನ್ನು ಅಡಿಯಿಂದ ಎತ್ತುವ ತೋಳಿನದು, ಕ್ಯಾಬಿನ್ನಿಗೆ ಏಸಿ. "ಯುಗಾದಿ ಹೊತ್ಗೆ ಬತ್ತದೆ. ಅಷ್ಟೊತ್ಗೆ ಬಾಗ್ಲು ಮ್ಯಾಲೆ ಯಾರ್ ಹೆಸ್ರು ಮೇಲಿರ್ತದೋ ಅವ್ರಿಗೆ ಆ ಗಾಡಿ" ಎಂದರು. ಜುಂಜಣ್ಣ ನಕ್ಕ. ಅವನು ಎಲ್ಲದಕ್ಕೂ ನಗುತ್ತಿದ್ದ. ತಮಾಷೆ ಹೇಳುವ ಮೊದಲೇ ಅದಕ್ಕೆ ನಕ್ಕು ಮುಗಿಸುತ್ತಿದ್ದ. ನಾನು ನಗಲಿಲ್ಲ. ನನಗೆ ಆ ಲಾರಿ ಬೇಕಿತ್ತು. ಬೆನ್ನು ಆಗಲೇ ಹಿಡಿದುಕೊಳ್ಳುತ್ತಿತ್ತು ಎಂದು ಮನೆಯಲ್ಲಿ ಕಾರಣ ಹೇಳಿದೆ. ಕಾರಣ ಬೆನ್ನಲ್ಲ. ಅದು ಅವನಿಗೆ ಸಿಗಬಾರದಿತ್ತು.

ಅಂದು ಸಂಜೆಯೇ ಯಜಮಾನರ ಹತ್ತಿರ ಹೋಗಿ, ಮೈಲೇಜಿನ ಲೆಕ್ಕ ಸರಿಯಾಗಿ ಆಗುತ್ತಿಲ್ಲ ಎಂದೆ. "ಅನುಮಾನ ನಿಂದು ತಾನೆ? ನೀನೇ ನೋಡ್ಕೊ ಹಂಗಾರೆ" ಎಂದರು. ಈ ಕೆಲಸ ನನಗೆ ಬಂದದ್ದು ಹೀಗೆ. ಆಮೇಲೆ ಇದಕ್ಕೆ ಸೂಪರ್‌ವೈಸರ್ ಎಂಬ ಹೆಸರು, ಮೇಜು, ಕುರ್ಚಿ ಎಲ್ಲ ಬಂದವು. ಆ ಕಥೆಯಲ್ಲಿ ನಿಮಗೆ ಕಲಿಯುವುದೇನೂ ಇಲ್ಲ.

ಮೊದಲ ವಾರವೇ ಎಡವಿದೆ. ನಮ್ಮದು 'ಟ್ಯಾಂಕ್ ಫುಲ್' ಪದ್ಧತಿ. ಹೋಗುವ ಮೊದಲು ಬಾಯಿವರೆಗೆ ತುಂಬಿಸುವುದು, ಬಂದ ಮೇಲೆ ಮತ್ತೆ ಬಾಯಿವರೆಗೆ ತುಂಬಿಸುವುದು. ಎರಡನೇ ಸಲ ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಖರ್ಚು. ಆ ವಾರ ಜುಂಜಣ್ಣನ ಮೈಲೇಜು ನಾಲ್ಕನ್ನು ದಾಟಿಬಿಟ್ಟಿತು. ಎಲ್ಲರೂ ಇದ್ದಾಗಲೇ ಯಜಮಾನರ ಮುಂದೆ ನಿಂತು, "ಇವ್ನು ದಾರೀಲಿ ಕೈಯಿಂದ ದುಡ್ಡು ಹಾಕಿ ಡೀಸೆಲ್ ಹಾಕ್ಸವ್ನೆ, ಯಜಮಾನ್ರೇ. ಹೊಸ ಗಾಡಿ ಆಸೆಗೆ" ಎಂದೆ.

ಗಂಗಾಧರಪ್ಪನವರು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದರು. "ಡೀಸೆಲ್ ಕದಿಯೋರ್ನ ಬೇಕಾದಷ್ಟ್ ಜನಾನ ನೋಡಿವ್ನಿ ಕಣಯ್ಯಾ. ಕದ್ದು ತುಂಬ್ಸೋನ್ನ ಇವತ್ತೇ ಕೇಳಿದ್ದು!"

ಜುಂಜಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ, "ಲೇ ಪರಮೇಶ, ಹಂಗೇನಾರ ಇದ್ರೆ ನಿನ್ ಗಾಡಿಗೂ ಒಂದೆರಡು ಲೀಟ್ರು ಹಾಕುಸ್ತೀನಿ ಬುಡ್ಲಾ" ಎಂದ. ಆ ಕೈಯ ಭಾರ ನನ್ನ ಹೆಗಲಿಗೆ ಈಗಲೂ ಗೊತ್ತು.

ತಪ್ಪು ಇದ್ದದ್ದು ಬಂಕಿನ ನೆಲದಲ್ಲಿ. ನಾವು ಡೀಸೆಲ್ ಹಾಕಿಸುತ್ತಿದ್ದ ಬಂಕಿನ ಅಂಗಳ ರಸ್ತೆಯ ಕಡೆಗೆ ಜಾರಿತ್ತು. ಆ ವಾರ ಹೊರಡುವಾಗ ಅವನ ಲಾರಿಯ ಮೂತಿ ಇಳಿಜಾರಿಗಿತ್ತು, ಬಂದಾಗ ಏರಿಗೆ. ಮೂತಿ ಏರಿಗಿದ್ದರೆ ಡೀಸೆಲ್ ಬೇಗ ಹಿಂದಿನ ತುದಿಯಲ್ಲಿರುವ ಟ್ಯಾಂಕಿನ ಬಾಯಿಗೆ ಬರುತ್ತದೆ, ಒಳಗೆ ಮುಂದಿನ ತುದಿಯಲ್ಲಿ ಗಾಳಿ ಹಾಗೇ ಉಳಿಯುತ್ತದೆ. ಮುಂದಿನ ವಾರ ಅವನ ಅಂಕಿ ಅಷ್ಟೇ ಕೆಳಗೆ ಬಿತ್ತು, ಲೆಕ್ಕ ಸರಿಹೋಯಿತು. ನಾನು ಬಂಕಿನ ನೆಲದ ಮೇಲೆ ಬಣ್ಣದಲ್ಲಿ ಒಂದು ಬಾಣದ ಗುರುತು ಹಾಕಿಸಿದೆ. ಅದೇ ಪಂಪು, ಅದೇ ಮೂತಿ, ಅದೇ ಜಾಗ. ನಿಮಗೂ ಇದನ್ನೇ ಹೇಳುವುದು.

ವರ್ಷಗಳ ಮೇಲೆ ಟ್ಯಾಂಕಿನೊಳಗೆ ಸೆನ್ಸಾರ್ ಕೂರಿಸಿದರು. ಲಾರಿ ಎಲ್ಲಾದರೂ ಏರು ಹತ್ತುವಾಗ ಡೀಸೆಲ್ ಹಿಂದಕ್ಕೆ ಸರಿದರೆ ಸಾಕು, 'ಕಳವು' ಎಂದು ಫೋನಿಗೆ ಮೆಸೇಜು ಬರುತ್ತಿತ್ತು. ಎಲ್ಲೋ ದೂರದ ಆಫೀಸಿನ ಒಬ್ಬಾಕೆ ಜುಂಜಣ್ಣನಿಗೆ ಫೋನು ಮಾಡಿ ವಿಚಾರಿಸಿದಾಗ ಅವನು, "ಹೂಂ ಕಣಮ್ಮಾ, ಏರು ಕದ್ದದೆ. ಇಳಿಜಾರ್ನಾಗೆ ವಾಪಸ್ ಕೊಡ್ತದೆ, ತಡ್ಕೊ" ಎಂದನಂತೆ. ನಾನು ಮಾಡಿದ ತಪ್ಪನ್ನೇ ಯಂತ್ರವೂ ಮಾಡಿತು. ಆದರೆ ಯಂತ್ರವನ್ನು ನೋಡಿ ಯಾರೂ ನಗಲಿಲ್ಲ. ಇಂಜಿನಿಯರನ್ನು ಕರೆಸಿ ಸರಿ ಮಾಡಿಸಿದರು. ಅದರ ಮೇಲೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಬಂಕಿನ ಸೋಲಿನ ಮೇಲೆ ಟೈರು ಹಿಡಿದೆ. ಟೈರು ಸವೆದರೆ ಚಕ್ರದ ಸುತ್ತಳತೆ ಕಡಿಮೆಯಾಗುತ್ತದೆ, ಅಷ್ಟೇ ದೂರಕ್ಕೆ ಹೆಚ್ಚು ಸುತ್ತುತ್ತದೆ, ಮೀಟರು ಇಲ್ಲದ ಕಿಲೋಮೀಟರ್ ತೋರಿಸುತ್ತದೆ. ಜುಂಜಣ್ಣ ಸವೆದ ಟೈರನ್ನು ಬದಲಾಯಿಸದೆ ಎಳೆದಾಡುತ್ತಿದ್ದಾನೆ, ಅದೇ ಅವನ ಗುಟ್ಟು ಎಂದು ತೀರ್ಮಾನಿಸಿದೆ. ಒಂದು ಭಾನುವಾರ ಎರಡೂ ಲಾರಿಗಳನ್ನು ಹೆದ್ದಾರಿಯಲ್ಲಿ ಕೆ.ಬಿ. ಕ್ರಾಸಿನವರೆಗೆ ಓಡಿಸಿ, ರಸ್ತೆ ಬದಿಯ ಕಿಲೋಮೀಟರ್ ಕಲ್ಲಿಗೂ ಮೀಟರಿಗೂ ತಾಳೆ ನೋಡಿದೆ. ಜುಂಜಣ್ಣನ ಮೀಟರು ಕಲ್ಲಿಗೆ ಸರಿಯಾಗಿತ್ತು. ಇಲ್ಲದ ದೂರ ತೋರಿಸುತ್ತಿದ್ದದ್ದು ನನ್ನದು. ಬೋಳು ಟೈರು ನನ್ನ ಲಾರಿಯದ್ದೇ. ಎಂದರೆ ಬಾಗಿಲ ಮೇಲೆ ನಾಚಿಕೆಯಾಗುವಂತೆ ಬರೆದಿದ್ದ ನನ್ನ ಎರಡು ಕೂಡ ನಿಜವಾಗಿ ಎರಡಾಗಿರಲಿಲ್ಲ.

ಮನೆಗೆ ಬಂದು ಹೆಂಡತಿ ಗಿರಿಜಳಿಗೆ ಹೇಳಿದೆ. ಅವಳು ಒಲೆಯ ಕಡೆಯಿಂದ ತಿರುಗದೆಯೇ, "ನೀವು ಕುಡಿಯೋ ಕಾಫಿ ಲೆಕ್ಕ ಹಾಕಿದ್ರೆ ನಿಮ್ ಮೈಲೇಜು ಅದಕ್ಕಿಂತ ಕಡ್ಮೆ ಕಣ್ರೀ" ಎಂದಳು. ಆಮೇಲೆ ಒಂದು ಲೋಟ ಕೊಟ್ಟು, "ಜುಂಜಣ್ಣ ಅವತ್ತು ನಮ್ಮಮ್ಮನ್ನ ಆಸ್ಪತ್ರೆಗೆ ಬಿಟ್ಬಂದ್ರಲ್ಲ, ಅವ್ರಿಗೆ ಒಂದಿನ ಊಟಕ್ಕೆ ಹೇಳಿ" ಎಂದಳು. ನಾನು ಹೇಳಲಿಲ್ಲ. ನಮ್ಮತ್ತೆಯನ್ನು ಅವನು ಆಸ್ಪತ್ರೆಗೆ ಬಿಟ್ಟು ಬಂದದ್ದು ನನಗೆ ಗೊತ್ತೇ ಇರಲಿಲ್ಲ.

ಯುಗಾದಿ ಹತ್ತಿರ ಬರುತ್ತಿತ್ತು. ನನ್ನ ಲಾರಿಯ ಕ್ಲಚ್ಚು ಕೈಕೊಟ್ಟು ಅದು ಗ್ಯಾರೇಜಿನಲ್ಲಿ ನಿಂತಿದ್ದ ದಿನ, ಹುಳಿಯಾರಿನ ಕಡೆ ಕಣಿವೆಯ ಏರಿನಲ್ಲಿ ಕಾಯಿ ಲಾರಿಯೊಂದು ಆಕ್ಸಲ್ ಮುರಿದುಕೊಂಡು ನಿಂತಿದೆ ಎಂದು ಫೋನು ಬಂತು. "ಬಾರ್ಲಾ, ನೀನೂ ಬಂದು ನೋಡು. ನನ್ ಗಾಡೀಲಿ ಎಲ್ಲಿ ಕದ್ದು ತುಂಬುಸ್ತಾರೆ ಅಂತ" ಎಂದು ಜುಂಜಣ್ಣನೇ ಕರೆದ. ಹತ್ತಿದೆ. ದಾರಿಯುದ್ದಕ್ಕೂ ಅವನ ಕಾಲನ್ನೇ ನೋಡುತ್ತಾ ಕೂತಿದ್ದೆ. ಆಕ್ಸಿಲರೇಟರ್ ತುಳಿಯುವುದರಲ್ಲಿ, ಗೇರು ಬದಲಿಸುವುದರಲ್ಲಿ ಅವನದು ನನಗಿಂತ ಒರಟು. ಕಿಟಕಿ ಇಳಿಸಿದ್ದ, ಎದುರು ಕಂಡವರಿಗೆಲ್ಲ ಕೈ ಎತ್ತುತ್ತಿದ್ದ. ಒಂದು ಕಡೆ ಬ್ರೇಕ್ ಹಾಕಿ ಮೇವಿನ ಹೊರೆ ಹೊತ್ತ ಮುದುಕನನ್ನು ಹೊರೆ ಸಮೇತ ಹಿಂದೆ ಹತ್ತಿಸಿಕೊಂಡ. ನಿಲ್ಲಿಸಿ ಹೊರಡಿಸಿದರೆ ಎಷ್ಟು ಡೀಸೆಲ್ ಹಾಳು ಎಂದು ಮನಸ್ಸಿನಲ್ಲೇ ಕಳೆದೆ. ಅವನ ಮೈಲೇಜು ಹೇಗೆ ಬರುತ್ತದೆ ಎಂಬುದು ಇನ್ನಷ್ಟು ಗೊತ್ತಾಗದೆ ಹೋಯಿತು.

ಕಾಯಿ ಲಾರಿ ಏರಿನ ನಡುವೆ ವಾಲಿ ನಿಂತಿತ್ತು, ಹಲಗೆಯ ಮೇಲಕ್ಕೂ ಪೇರಿಸಿದ ತೆಂಗಿನಕಾಯಿ. ನಾನಾಗಿದ್ದರೆ ತಕ್ಷಣ ಮೂತಿ ಎತ್ತಿ, ಕಾಯಿಯ ಸಮೇತ ಎಳೆಯುತ್ತಿದ್ದೆ. ಜುಂಜಣ್ಣ ಕೆಳಗಿಳಿದು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ಅಥವಾ ಹಾರನ್ ಬಾರಿಸಿದ. ನನ್ನ ನೆನಪಿನಲ್ಲಿ ಎರಡೂ ಇವೆ, ಒಂದನ್ನು ಆರಿಸಲು ನನಗೆ ಮನಸ್ಸಿಲ್ಲ. ಸ್ವಲ್ಪ ಹೊತ್ತಿಗೆ ಗುಡ್ಡದ ಆಚೆಯ ಹಟ್ಟಿಯಿಂದ ಜನ ಬಂದರು. ಹೆಂಗಸರು, ಗಂಡಸರು, ಕೈಯಲ್ಲಿ ಮಂಕರಿ. ಹಿಂದೆಯೇ ಟ್ರೇಲರ್ ಕಟ್ಟಿದ ಎರಡು ಟ್ರ್ಯಾಕ್ಟರ್. ಯಾರೂ ಏನೂ ಕೇಳಲಿಲ್ಲ. ಲಾರಿಯ ಹಿಂಬಾಗಿಲು ತೆಗೆದು, ಸಾಲು ನಿಂತು, ಕಾಯಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಾ ಟ್ರೇಲರಿಗೆ ತುಂಬತೊಡಗಿದರು. ಕೆಲಸ ಮಾಡಿದವರಿಗೆ ಕೊನೆಗೆ ಒಂದೊಂದು ಜೊತೆ ಕಾಯಿ, ಟ್ರ್ಯಾಕ್ಟರಿಗೆ ಬಾಡಿಗೆ. ಮಾಲು ಹೊತ್ತಿಗೆ ಸರಿಯಾಗಿ ಮಂಡಿ ಸೇರುತ್ತದೆಂದು ಕಾಯಿಯ ಒಡೆಯನಿಗೂ ಸಮಾಧಾನ.

ಸಾಲಿನ ಮುಂದಿದ್ದ ಚಿತ್ತಮ್ಮ ಎಂಬ ಹಿರಿಯ ಹೆಂಗಸು ಕ್ಯಾಬಿನ್ನಿನಲ್ಲಿ ಕೂತಿದ್ದ ನನ್ನನ್ನು ನೋಡಿ, "ಯಾರ್ಲಾ ಜುಂಜ ಅದು, ಮ್ಯಾಲೇ ಕುಂತವ್ರೆ? ಆಫೀಸರ್ರಾ?" ಎಂದಳು.

"ಇಲ್ ಕಣತ್ತೆ, ನಮ್ ಪರಮೇಶ. ಡೀಸೆಲ್ ಲೆಕ್ಕ ನೋಡ್ತಾನೆ."

"ಹಂಗಾರೆ ಇಳ್ದು ಬರ್ಲಿ, ಕಾಯಿ ಲೆಕ್ಕಾನೂ ನೋಡ್ಲಿ."

ಎಲ್ಲರೂ ನಕ್ಕರು. ನಾನು ಇಳಿದೆ, ಸಾಲಿನ ಕೊನೆಯಲ್ಲಿ ನಿಂತೆ, ಕೈಗೆ ಬಂದ ಕಾಯಿಗಳನ್ನು ದಾಟಿಸಿದೆ. ಬರಿದಾದ ಲಾರಿಯನ್ನು ಜುಂಜಣ್ಣ ಹೂವಿನ ಬುಟ್ಟಿಯಂತೆ ಎತ್ತಿ ಕಟ್ಟಿಕೊಂಡು ಏರು ಹತ್ತಿಸಿದ. ಇಂಜಿನ್ನಿನ ಸದ್ದಿನಲ್ಲಿ ಏದುಸಿರಿಲ್ಲ. ಆಗ ನನಗೆ ಗುಟ್ಟು ಹೊಳೆಯಿತು. ಗುಟ್ಟು ಎನ್ನುವುದಕ್ಕೆ ಅದು ಹಾಡುಹಗಲಲ್ಲಿ, ಅಷ್ಟು ಜನರ ಮುಂದೆ ಇತ್ತು.

"ಜುಂಜಣ್ಣ, ಇದು ಮೋಸ" ಎಂದೆ.

"ಎಂಥ ಮೋಸ್ವಲಾ? ಕೆಟ್ಟಿರೋದು ಲಾರಿ. ಕಾಯಿ ಕೆಟ್ಟದಾ? ಕೆಟ್ಟದ್ದನ್ನ ಎಳೀಬೇಕು, ಚೆನ್ನಾಗಿರದನ್ನ ಯಾಕೆ ಎಳೀಬೇಕು?"

ಅಮ್ಮಸಂದ್ರದ ಕಡೆ ನಾನು ಎಳೆಯುವ ಸಿಮೆಂಟ್ ಲಾರಿಗಳನ್ನು ನಡುರಸ್ತೆಯಲ್ಲಿ ಖಾಲಿ ಮಾಡಲು ಯಾರು ಬರುತ್ತಾರೆ? ಶಿಳ್ಳೆ ಹಾಕಿದರೆ ಒಂದು ನಾಯಿ ತಿರುಗಿ ನೋಡೀತು. ಆ ರಸ್ತೆಯಲ್ಲಿ ಅಷ್ಟು ವರ್ಷ ಓಡಾಡಿದ್ದೆ. ಕಿಟಕಿ ಇಳಿಸಿದ್ದು ಉಗುಳುವುದಕ್ಕೆ ಮಾತ್ರ.

ನಾನು ಲೆಕ್ಕದ ದಾರಿ ಹಿಡಿದೆ. ಕಿಲೋಮೀಟರ್ ಒಂದನ್ನೇ ನೋಡಿದರೆ ನ್ಯಾಯವಲ್ಲ, ಎಳೆದ ತೂಕವನ್ನೂ ಸೇರಿಸಬೇಕು ಎಂದು ಯಜಮಾನರಿಗೆ ಹೇಳಿದೆ. ತುಂಬಿದ ಲಾರಿಗೆ ವೇಬ್ರಿಡ್ಜಿನ ತೂಕದ ಚೀಟಿ ಇದ್ದೇ ಇರುತ್ತದೆ. ಎಷ್ಟು ಟನ್ನು, ಎಷ್ಟು ದೂರ, ಅದಕ್ಕೆ ಎಷ್ಟು ಲೀಟರು. ಗಂಗಾಧರಪ್ಪನವರು ಯಾವುದೋ ಕಾಯನ್ನು ಕಿವಿಯ ಹತ್ತಿರ ಹಿಡಿದವರ ಹಾಗೆ ತಲೆ ಓರೆ ಮಾಡಿದರು. "ಸರಿ ಕಣಯ್ಯಾ. ಕೊಬ್ಬರಿನೂ ತೂಕದ ಮ್ಯಾಲೇ ಮಾರದು" ಎಂದರು.

ಹೊಸ ಲೆಕ್ಕದಲ್ಲಿ ಎಲ್ಲ ತಿರುವುಮುರುವಾಯಿತು. ಸಿಮೆಂಟಿನ ಭಾರ ಎಳೆದ ನನ್ನ ಹಳೆಯ ಲಾರಿ ಒಂದೊಂದು ಲೀಟರಿಗೂ ಅವನಿಗಿಂತ ಎಷ್ಟೋ ಹೆಚ್ಚು ತೂಕ ಸಾಗಿಸಿತ್ತು. ಯುಗಾದಿಯ ಹಿಂದಿನ ಸೋಮವಾರ ಬಾಗಿಲ ಮೇಲೆ ಮೊದಲ ಸಲ ಪರಮೇಶ ಮೇಲೆ, ಜುಂಜಣ್ಣ ಕೆಳಗೆ. ಲೆಕ್ಕ ಸರಿಯಾದದ್ದೇ. ಈಗಿನ ಕಂಪ್ಯೂಟರೂ ಹಾಗೇ ಮಾಡುತ್ತದೆ, ನೀವೂ ಹಾಗೇ ಮಾಡಿ. ಸರಿಯಾದದ್ದೆಂದು ಆ ಲೆಕ್ಕ ತಂದೆನೋ, ನನ್ನನ್ನು ಮೇಲೆ ಹಾಕುತ್ತದೆಂದು ತಂದೆನೋ ಎಂದು ಕೇಳಿದರೆ, ಎರಡೂ ಒಂದೇ ದಿನ ಹೊಳೆದವು ಎನ್ನುತ್ತೇನೆ.

ಹೊಸ ಲಾರಿ ನನಗೆ ಬಂತು. ಪೂಜೆಯ ದಿನ ಮಾವಿನೆಲೆಯ ತೋರಣ ಕಟ್ಟಿದ್ದು ಜುಂಜಣ್ಣ. ಚೆಂಡುಹೂವಿನ ಹಾರ ಅವನೇ ತಂದಿದ್ದ. ಕಾಯಿ ಒಡೆಯಲು ನನ್ನ ಕೈಗೆ ಕೊಟ್ಟರು. ನನ್ನದು ಓರೆಯಾಗಿ ಒಡೆಯಿತು. "ತಗಾ, ಇನ್ನೊಂದು ಒಡಿ, ನಮ್ಮೂರಾಗೆ ಕಾಯಿಗೇನ್ಲಾ ಬರ" ಎಂದು ಅವನು ಇನ್ನೊಂದನ್ನು ಚೀಲದಿಂದ ತೆಗೆದುಕೊಟ್ಟ. ಸೋತವನು ಸೋತವನಂತೆ ಇದ್ದರೆ ಗೆದ್ದವನಿಗೆ ಸ್ವಲ್ಪ ಸುಖ. ಅಷ್ಟನ್ನೂ ಅವನು ಕೊಡಲಿಲ್ಲ.

ಹೊಸ ಲಾರಿಗೆ ಶಕ್ತಿ ಹೆಚ್ಚು, ಕಣಿವೆಯ ಏರಿಗೆ ಅದೇ ಸರಿ ಎಂದು ಯಜಮಾನರು ರಸ್ತೆಗಳನ್ನು ಅದಲುಬದಲು ಮಾಡಿದರು. ನನಗೆ ಹುಳಿಯಾರಿನ ಕಡೆ, ಜುಂಜಣ್ಣನಿಗೆ ಅಮ್ಮಸಂದ್ರ. ನನಗೆ ಒಳಗೊಳಗೇ ಖುಷಿ. ಅವನದೇ ರಸ್ತೆಯಲ್ಲಿ, ಅವನದೇ ಜನರ ಮುಂದೆ, ತುಂಬಿದ ಲಾರಿಯನ್ನು ತುಂಬಿದ ಹಾಗೇ ಎಳೆದು ತೋರಿಸಬೇಕು ಎಂದುಕೊಂಡೆ. ಮೊದಲ ವಾರವೇ ಅವಕಾಶ ಬಂತು. ಅದೇ ಏರು, ಇನ್ನೊಂದು ಕಾಯಿ ಲಾರಿ. ಕೆಳಗಿಳಿದು ಎತ್ತುವ ತೋಳನ್ನು ಇಳಿಸುತ್ತಿದ್ದೆ. ನಾನು ಶಿಳ್ಳೆ ಹಾಕಲಿಲ್ಲ, ಹಾರನ್ ಮುಟ್ಟಲಿಲ್ಲ. ಇದು ಮಾತ್ರ ಖಂಡಿತ. ತಲೆ ಎತ್ತುವ ಹೊತ್ತಿಗೆ ಚಿತ್ತಮ್ಮ ಮಂಕರಿ ಹಿಡಿದು ನಿಂತಿದ್ದಳು, ಹಿಂದೆ ಅದೇ ಸಾಲು.

"ಬ್ಯಾಡಿ ಕಣಮ್ಮಾ, ಈ ಗಾಡಿ ಹಂಗೇ ಎಳೀತದೆ" ಎಂದೆ.

"ಬ್ಯಾಡ ಅಂತೀರ ಅಂತ ಜುಂಜ ಮೊದ್ಲೇ ಹೇಳವ್ನೆ. ಬ್ಯಾಡ ಅಂದ್ರೆ ಕೇಳ್ಬ್ಯಾಡಿ ಅಂತ್ಲೂ ಹೇಳವ್ನೆ. ಪರಮೇಶಂಗೆ ಬೆನ್ನು ನೋವದೆ, ಒಬ್ನೇ ಒದ್ದಾಡ್ತಾನೆ, ಹೋಗಿ ಇಳಿಸ್ಕೊಡಿ ಅಂದ. ಸರೀರಿ ಅತ್ಲಾಗೆ."

ಮಾತು ಮುಗಿಯುವ ಮೊದಲೇ ಕಾಯಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಟನ್ನುಗಟ್ಟಲೆ ನನ್ನ ತೂಕ ನನ್ನ ಕಣ್ಣ ಮುಂದೆಯೇ ಟ್ರೇಲರು ಹತ್ತಿ ಹೋಯಿತು. ಯಾರೋ ನನಗೆ ಮಜ್ಜಿಗೆ ಕೊಟ್ಟರು. ಚೆನ್ನಾಗಿತ್ತು, ಅದೂ ಸಿಟ್ಟು ತಂದಿತು. ಬರಿಯ ಲಾರಿಯನ್ನು ಎಳೆದುಕೊಂಡು ಬಂದೆ. ಆ ವಾರ ಆ ರಸ್ತೆಯಲ್ಲಿ ಎಲ್ಲಿ ನಿಂತರೂ ಹೀಗೇ. ಯಾರಾದರೂ ಬರುವರು, ಇಳಿಸುವರು, "ಜುಂಜಣ್ಣ ಬರ್ಲಿಲ್ವಾ? ಹುಷಾರಾಗವ್ನಾ?" ಎಂದು ಕೇಳುವರು.

ಜುಂಜಣ್ಣ ಇದನ್ನು ಪ್ರೀತಿಯಿಂದ ಮಾಡಿದನೋ, ಲೆಕ್ಕ ಹಾಕಿ ಮಾಡಿದನೋ ನನಗೆ ಇವತ್ತಿಗೂ ತಿಳಿಯದು. ಪ್ರೀತಿಯಿಂದ ಎಂದುಕೊಂಡರೆ ಹೊಟ್ಟೆಕಿಚ್ಚು ಹೆಚ್ಚು. ಲೆಕ್ಕ ಹಾಕಿ ಎಂದುಕೊಂಡರೂ ಹೆಚ್ಚೇ, ಏಕೆಂದರೆ ಲೆಕ್ಕ ನನ್ನ ಕೆಲಸ.

ಸೋಮವಾರ ಯಜಮಾನರು ಸೀಮೆಸುಣ್ಣ ಹಿಡಿದು ಬಾಗಿಲ ಮುಂದೆ ನಿಂತರು. ಜುಂಜಣ್ಣ, ನಾನು, ಗ್ಯಾರೇಜಿನವರು ಸುತ್ತ ನಿಂತಿದ್ದೆವು. ನಾನು ಎರಡೂ ಲೆಕ್ಕ ಓದಿದೆ. ಬರಿಯ ಲಾರಿಗಳನ್ನೇ ಎಳೆದದ್ದರಿಂದ ನನ್ನ ಹೊಸ ಲಾರಿ ಲೀಟರಿಗೆ ಮೂರನ್ನು ದಾಟಿತ್ತು. ಇಷ್ಟು ವರ್ಷ ನಾನು ಬಯಸಿದ್ದ ಅಂಕಿ. ಅತ್ತ ಜುಂಜಣ್ಣ ವಾರವಿಡೀ ಸಿಮೆಂಟು ತುಂಬಿದ ಲಾರಿಗಳನ್ನೇ ಎಳೆದಿದ್ದ. ಹಳೆಯ ಲೆಕ್ಕದಲ್ಲಿ ಅವನದು ಎರಡಕ್ಕಿಂತ ಕೆಳಗೆ. ತೂಕದ ಲೆಕ್ಕದಲ್ಲಿ ಮಾತ್ರ ಅವನು ನನ್ನನ್ನು ಬಹಳ ಹಿಂದೆ ಬಿಟ್ಟಿದ್ದ.

ಗಂಗಾಧರಪ್ಪನವರು ನನ್ನ ಕಡೆ ತಿರುಗಿದರು. "ಯಾವ್ದು ಬರೀಲಯ್ಯಾ? ಹಳೇದು ಬರೆದ್ರೆ ನೀನೇ ಮ್ಯಾಲೆ." ಸೀಮೆಸುಣ್ಣವನ್ನು ಬಾಗಿಲಿಗೆ ಟಕಟಕ ತಟ್ಟಿದರು. "ಆದ್ರೆ ಹಳೇ ಲೆಕ್ಕಾನೇ ಸರಿ ಅಂದ್ರೆ, ಯುಗಾದೀಲಿ ಆ ಗಾಡಿ ಯಾರಿಗೆ ಸೇರ್ಬೇಕಾಗಿತ್ತು ಅನ್ನೋದೂ ಬತ್ತದೆ."

ಹೊಸ ಲಾರಿ ಶೆಡ್ಡಿನೊಳಗೆ ನಿಂತಿತ್ತು, ಹಾರ ಬಾಡಿತ್ತು. ಬಾಗಿಲ ಮೇಲೆ ಮೇಲಿನ ಜಾಗ ಖಾಲಿ ಇತ್ತು. ಕಿಲೋಮೀಟರಿನಲ್ಲಿ, ಅವನದೇ ಲೆಕ್ಕದಲ್ಲಿ, ಅವನ ಮೇಲೆ ನನ್ನ ಹೆಸರು. ಅದೊಂದೇ ನಾನು ಮೊದಲಿನಿಂದ ಬಯಸಿದ್ದು ಎಂದು ಆಗ ಅನ್ನಿಸಿತು. ಅಥವಾ ಈಗ ಬರೆಯುವಾಗ ಅನ್ನಿಸುತ್ತಿದೆ.

"ಹೊಸದೇ ಬರೀರಿ" ಎಂದೆ.

ಅವರು ಬರೆದರು. ಮೇಲೆ ಜುಂಜಣ್ಣ, ದಪ್ಪ ಅಕ್ಷರ. ಜುಂಜಣ್ಣ ಬಂದು ಮತ್ತೆ ಹೆಗಲ ಮೇಲೆ ಕೈ ಹಾಕಿದ, ಹೇಳುವ ಮೊದಲೇ ನಕ್ಕ.

"ಗಾಡಿ ನಿಂದು ಕಣ್ಲಾ ಪರಮೇಶ. ಬಾಗ್ಲು ನಂದು."

ನಾನು ಲಾರಿ ಹತ್ತಿ ಹೊರಡಿಸಿದೆ. ಪಕ್ಕದ ಕನ್ನಡಿಯಲ್ಲಿ ತಗಡಿನ ಬಾಗಿಲು ಹಿಂದೆ ಹಿಂದೆ ಸರಿಯುತ್ತಾ ಹೋಯಿತು. ಅಕ್ಷರ ತಿರುಗುಮುರುಗಾಗಿದ್ದರೂ ಅವನ ಹೆಸರು ಓದಲು ಬರುತ್ತಿತ್ತು. ಈಗ ಯೋಚಿಸಿದರೆ, ನಾನು ಹೊರಬೀಳುವ ಹೊತ್ತಿಗೆ ಬಾಗಿಲನ್ನು ಪೂರ್ತಿ ತೆರೆದಿರಬೇಕು. ತೆರೆದ ಬಾಗಿಲು ಗೋಡೆಗೆ ಒರಗುತ್ತದೆ, ಬರೆದದ್ದು ಯಾರಿಗೂ ಕಾಣುವುದಿಲ್ಲ. ಆದರೂ ನಾನು ಹುಳಿಯಾರು ರಸ್ತೆಯ ತಿರುವಿನವರೆಗೂ ಅದನ್ನು ಓದುತ್ತಲೇ ಹೋದೆ.